ಮತವೂ ಕೊಬ್ಬರಿಯ ಬೆಲೆಯೂ

ಚುನಾವಣೆ ಹತ್ತಿರವಾದಂತೆ ಕೊಬ್ಬರಿಯ ಬೆಲೆ ಎಲ್ಲರ ಬಾಯಲ್ಲೂ ಬರುತ್ತದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಸಾರಿತು. ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು. 2024ರ ಏಪ್ರಿಲ್ 26ರಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನ ಲೋಕಸಭೆಗೆ ಮತ ಹಾಕಿದರು.

ಮತದ ಭಯ ಆಳುವವರನ್ನು ಎಚ್ಚರವಾಗಿಡುತ್ತದೆ, ಅದು ಒಳ್ಳೆಯದೇ. ಆದರೆ ಸಾರಿದ ಬೆಲೆ ರೈತನಿಗೆ ದಕ್ಕುವುದು ಖರೀದಿ ಕೇಂದ್ರ ತೆರೆದಾಗಲೇ. ಅಷ್ಟರಲ್ಲಿ ಸಾಲಗಾರ ರೈತ ಅಗ್ಗಕ್ಕೆ ಮಾರುತ್ತಾನೆ. ಕಾಯಬಲ್ಲ ವರ್ತಕ ದಾಸ್ತಾನು ಮಾಡುತ್ತಾನೆ.

ಆದಕಾರಣ ಮತ ಕೇಳಲು ಬಂದವರನ್ನು ಮೂರು ಮಾತು ಕೇಳಿರಿ: ಕೇಂದ್ರ ತೆರೆಯುವುದು ಯಾವಾಗ? ಒಬ್ಬರಿಂದ ಕೊಳ್ಳುವುದು ಎಷ್ಟು ಕ್ವಿಂಟಲು? ಹಣ ಬರುವುದು ಎಷ್ಟು ದಿನದಲ್ಲಿ? ಉತ್ತರವನ್ನು ಬರೆದಿಟ್ಟುಕೊಂಡು, ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೇಳಿರಿ.