‘ಅದು ನಮ್ಮ ಸೆಕ್ಷನ್ ಅಲ್ಲ’ ಅಂದರೆ ಏನು ಮಾಡಬೇಕು?

ಕುಮಾರಸ್ವಾಮಿ ಲೇಔಟಿನಲ್ಲಿ ಹಲವು ವರ್ಷಗಳಿಂದ ಇರುವವರನ್ನು ವಾರ್ಡ್ ನಂಬರ್ ಕೇಳಿದರೆ ಇವತ್ತಿಗೂ 181 ಎನ್ನುತ್ತಾರೆ. ಬಿಬಿಎಂಪಿಗೆ 198 ವಾರ್ಡುಗಳಿದ್ದಾಗಿನ ನಂಬರ್ ಅದು. 2010 ಮತ್ತು 2015ರ ಪಾಲಿಕೆ ಚುನಾವಣೆಗಳು ನಡೆದದ್ದು ಆ ಲೆಕ್ಕದಲ್ಲೇ. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವಾರ್ಡುಗಳು ಕಾಗದದ ಮೇಲೆ ಒಮ್ಮೆ 243 ಆದವು, ಇನ್ನೊಮ್ಮೆ 225 ಆದವು, ಚುನಾವಣೆ ಮಾತ್ರ ಆಗಲಿಲ್ಲ. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಅದೇ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು, ಅವುಗಳ ಮೇಲೊಂದು ಪ್ರಾಧಿಕಾರ ಬಂದವು. ವಾರ್ಡುಗಳ ಗಡಿ, ನಂಬರ್ ಎಲ್ಲ ಮತ್ತೆ ಹೊಸದು.

ಇಂಥದರಲ್ಲಿ ಮನೆ ಮುಂದೆ ಹಾಕಿದ ಟಾರು ಒಂದೇ ಮಳೆಗೆ ಎದ್ದರೆ ಯಾರನ್ನು ಕೇಳಬೇಕು? ಕಾರ್ಪೊರೇಟರ್ ಮನೆ ಬಾಗಿಲು ತಟ್ಟುವ ಅಭ್ಯಾಸ ತಪ್ಪಿ ವರ್ಷಗಳೇ ಆದವು. ವಾರ್ಡ್ ಕಚೇರಿಗೆ ಹೋದರೆ ಜಲಮಂಡಳಿ ಅಗೆದದ್ದು ಅನ್ನುತ್ತಾರೆ. ಜಲಮಂಡಳಿಯವರು ಪಾಲಿಕೆ ಕಡೆ ಕೈ ತೋರಿಸುತ್ತಾರೆ. ‘ಅದು ನಮ್ಮ ಸೆಕ್ಷನ್ ಅಲ್ಲ ಸಾರ್’ ಎಂಬ ಮಾತಿಗೆ ಬೇಸತ್ತು ಮನೆಗೆ ಬಂದವರೇ ಹೆಚ್ಚು. ಬಾಯಿಮಾತಿನಲ್ಲಿ ಕೇಳಿದಾಗ ಈ ಉತ್ತರಕ್ಕೆ ಮದ್ದಿಲ್ಲ. ಆದರೆ ಮಾಹಿತಿ ಹಕ್ಕು ಕಾಯ್ದೆಯಡಿ ಬರೆದು ಕೊಟ್ಟ ಅರ್ಜಿಯ ಎದುರು ಇದು ನಡೆಯುವುದಿಲ್ಲ.

2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಈ ಕಾಯ್ದೆಯ ಸೆಕ್ಷನ್ 6(3) ಓದಿ. ಅರ್ಜಿ ತಪ್ಪು ಕಚೇರಿಗೆ ಬಂದಿದ್ದರೆ, ಅದನ್ನು ಪಡೆದ ಕಚೇರಿಯೇ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ಬರೆದು ತಿಳಿಸಬೇಕು. ಒಂದೇ ಸಂಸ್ಥೆಯ ಇನ್ನೊಂದು ವಿಭಾಗದಲ್ಲಿ ಕಡತ ಇದ್ದರೆ ಸೆಕ್ಷನ್ 5(4)ರ ಪ್ರಕಾರ ಮಾಹಿತಿ ಅಧಿಕಾರಿ ಅಲ್ಲಿಂದ ತರಿಸಿಕೊಳ್ಳಬೇಕು. ಸರಿಯಾದ ಬಾಗಿಲು ಹುಡುಕುವ ಕೆಲಸವನ್ನು ಕಾನೂನು ಕಚೇರಿಯ ತಲೆಗೆ ಕಟ್ಟಿದೆ. ನಮ್ಮ ಜನ ಈ ಕಾಯ್ದೆಯಲ್ಲಿ ಕಡಿಮೆ ಬಳಸುವುದು ಈ ಅಂಶವನ್ನೇ ಎಂಬುದು ನನ್ನ ಅನಿಸಿಕೆ. ಯಾವ ಅಧಿಕಾರಿಗೆ ಬರೆಯಬೇಕು ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆಯೇ ಹೊರತು ಬರೆಯುವುದಿಲ್ಲ.

ಅಧಿಕಾರಿಗಳ ಹೆಸರು, ಹುದ್ದೆಗಳ ಪಟ್ಟಿಗಂತೂ ಅರ್ಜಿಯೇ ಬೇಕಿಲ್ಲ. ಸೆಕ್ಷನ್ 4(1)(ಬಿ) ಪ್ರಕಾರ ಪ್ರತಿ ಸರ್ಕಾರಿ ಕಚೇರಿ 17 ಬಗೆಯ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕು. ಅದರಲ್ಲಿ ಅಧಿಕಾರಿ, ನೌಕರರ ಡೈರೆಕ್ಟರಿ ಇದೆ, ಅವರ ಮಾಸಿಕ ವೇತನ ಇದೆ, ಮಾಹಿತಿ ಅಧಿಕಾರಿಗಳ ಹೆಸರು ಮತ್ತು ಹುದ್ದೆ ಇದೆ. ಕಚೇರಿ ಭಾಷೆಯಲ್ಲಿ ಇದನ್ನು ‘ಫೋರ್ ಒನ್ ಬಿ’ ಎನ್ನುತ್ತಾರೆ. ಕಪಾಟಿನಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಇಟ್ಟಿರುತ್ತಾರೆ. ಆ ಪುಸ್ತಕ ಕೇಳಿದರೆ ಕೇಸ್‌ವರ್ಕರ್ ಒಮ್ಮೆ ತಲೆಯೆತ್ತಿ ನೋಡುತ್ತಾರೆ, ಅಷ್ಟೇ. ಅಪ್‌ಡೇಟ್ ಆಗಿರುವುದಿಲ್ಲ ಎಂಬುದು ಬೇರೆ ಮಾತು. ವರ್ಗವಾಗಿ ಹೋದವರ ಹೆಸರೂ ಅದರಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಹಾಗಾಗಿ ಅರ್ಜಿಯಲ್ಲಿ ವ್ಯಕ್ತಿಯ ಹೆಸರು ಬರೆಯಲು ಹೋಗಬೇಡಿ, ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದಷ್ಟೇ ಬರೆದು ಕಚೇರಿಯ ಹೆಸರು ಹಾಕಿ. ಯಾವ ನಗರ ಪಾಲಿಕೆ ಎಂಬುದಕ್ಕೆ ಈ ವರ್ಷದ ಆಸ್ತಿ ತೆರಿಗೆ ರಸೀದಿ ನೋಡಿಕೊಂಡರೆ ಸಾಕು.

ಆದರೂ ನಮ್ಮ ಬಡಾವಣೆಯಲ್ಲಿ ಯಾವ ಕಾಗದ ಎಲ್ಲಿರುತ್ತದೆ ಎಂಬ ಅಂದಾಜು ಇದ್ದರೆ ಐದು ದಿನ ಉಳಿಯುತ್ತದೆ. ಇದು ಬಿಡಿಎ ಬಡಾವಣೆ. ಮಂಜೂರಾದ ಬಡಾವಣೆ ನಕ್ಷೆ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಸಿಎ ನಿವೇಶನಗಳ ಪಟ್ಟಿ, ಅವು ಯಾರಿಗೆ ಯಾವ ಷರತ್ತಿನ ಮೇಲೆ ಹಂಚಿಕೆಯಾದವು ಎಂಬುದೆಲ್ಲ ಕುಮಾರ ಪಾರ್ಕ್ ಪಶ್ಚಿಮದ ಟಿ. ಚೌಡಯ್ಯ ರಸ್ತೆಯಲ್ಲಿರುವ ಬಿಡಿಎ ಕೇಂದ್ರ ಕಚೇರಿಯ ಲೆಕ್ಕ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಶೆಡ್ ಎದ್ದಿದೆ ಎಂಬ ಅನುಮಾನವಿದ್ದರೆ ಮೊದಲು ಕೇಳಬೇಕಾದದ್ದು ಆ ನಕ್ಷೆಯನ್ನು. ಒಳರಸ್ತೆ, ಚರಂಡಿ, ಬೀದಿದೀಪ, ಖಾತಾ, ಕಟ್ಟಡ ನಕ್ಷೆ ಪಾಲಿಕೆಯ ಪಾಲು. ಕಸದ್ದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಗೆ ಹೋಗಿದೆ. ಕಂಪನಿ ಎಂದಾಕ್ಷಣ ಖಾಸಗಿ ಎಂದುಕೊಳ್ಳಬೇಡಿ, ಅದಕ್ಕೂ ಬೆಸ್ಕಾಂಗೂ ಬಿಎಂಆರ್‌ಸಿಎಲ್‌ಗೂ ಮಾಹಿತಿ ಹಕ್ಕು ಅನ್ವಯಿಸುತ್ತದೆ. ಕುಡಿಯುವ ನೀರು, ಒಳಚರಂಡಿ ಜಲಮಂಡಳಿಯದು. ಶಾಸಕರ ನಿಧಿಯ ಕಾಮಗಾರಿಯಾದರೆ ಬೆಂಗಳೂರು ನಗರ ಜಿಲ್ಲಾಧಿಕಾರಿ ಕಚೇರಿಯಿಂದ ಶುರು ಮಾಡಿ. ಕುಮಾರಸ್ವಾಮಿ ಲೇಔಟ್ ಪದ್ಮನಾಭನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ.

ದೂರು ಬೇರೆ, ದಾಖಲೆ ಬೇರೆ. ನೀರು ಬಾರದಿದ್ದರೆ 1916, ಕರೆಂಟ್ ಹೋದರೆ 1912, ಪಾಲಿಕೆಯ ಕೆಲಸಕ್ಕೆ 1533, ಯಾವ ಇಲಾಖೆ ಎಂದೇ ತಿಳಿಯದಿದ್ದರೆ ಸರ್ಕಾರದ ಜನಸ್ಪಂದನ 1902. ಅಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಕೂರುವುದು ಸಮಯದ ದಂಡ. ಜನನ ಪ್ರಮಾಣಪತ್ರವೋ ಖಾತಾ ವರ್ಗಾವಣೆಯೋ ತಡವಾದರೆ ಅದಕ್ಕೆ 2011ರ ಸಕಾಲ ಕಾಯ್ದೆ ಇದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆ ಮೊತ್ತ ಇವತ್ತಿನ ದಿನದಲ್ಲಿ ಯಾರಿಗೂ ಬಿಸಿ ಮುಟ್ಟಿಸುವುದಿಲ್ಲ, ಆದರೆ ಸಕಾಲದ ನಂಬರ್ ಪಡೆದ ಅರ್ಜಿ ಕಳೆದುಹೋಯಿತು ಎನ್ನಲು ಆಗದು. ದೂರು ಕೊಟ್ಟೂ ಕೊಟ್ಟೂ ಏನೂ ಆಗದಿದ್ದಾಗ ಮಾಹಿತಿ ಹಕ್ಕು ಕೆಲಸಕ್ಕೆ ಬರುತ್ತದೆ. ನಿಮ್ಮ ದೂರಿನ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು, ಯಾರು ಏನು ಷರಾ ಬರೆದರು ಎಂಬುದು ಸಹಿ, ತಾರೀಖು ಸಮೇತ ಹೊರಬರುತ್ತದೆ.

ಇನ್ನು ಅರ್ಜಿ ಬರೆಯುವ ವಿಷಯ. ಗೆಲುವು ಸೋಲು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ‘ಟಾರು ಯಾಕೆ ಕಿತ್ತುಹೋಯಿತು? ಗುತ್ತಿಗೆದಾರನ ಮೇಲೆ ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು ಕೊಡಬೇಕೇ ಹೊರತು ಹೊಸದಾಗಿ ವಿವರಣೆ ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಸಿಟ್ಟನ್ನು ಮನೆಯಲ್ಲಿಟ್ಟು ಕಾಗದಗಳ ಹೆಸರು ಹಿಡಿದು ಹೀಗೆ ಬರೆಯಿರಿ:

‘ಕುಮಾರಸ್ವಾಮಿ ಬಡಾವಣೆ 2ನೇ ಹಂತದ ಇಂಥ ಅಡ್ಡರಸ್ತೆಯಲ್ಲಿ, ಇಂಥ ಮುಖ್ಯರಸ್ತೆಯಿಂದ ಇಂಥ ಮುಖ್ಯರಸ್ತೆಯವರೆಗೆ, 2023ರ ಏಪ್ರಿಲ್ 1ರಿಂದ ಈವರೆಗೆ ನಡೆದ ಡಾಂಬರೀಕರಣ ಕಾಮಗಾರಿಗೆ ಸಂಬಂಧಿಸಿದಂತೆ ಕಾರ್ಯಾದೇಶ, ಮಂಜೂರಾದ ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಪಾವತಿಯಾದ ಬಿಲ್ಲುಗಳು ಹಾಗೂ ದೋಷ ಹೊಣೆಗಾರಿಕೆ ಅವಧಿ ನಮೂದಾಗಿರುವ ಒಪ್ಪಂದದ ಪುಟ, ಇವುಗಳ ದೃಢೀಕೃತ ನಕಲುಗಳನ್ನು ಒದಗಿಸಿ.’

ಇದರಾಚೆ ಒಂದು ಪದವೂ ಬೇಡ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಸೇರಿಸಿದ ತಿದ್ದುಪಡಿ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ರಸ್ತೆ, ಪಾರ್ಕ್, ಕಸ ಎಲ್ಲ ಸೇರಿಸಿ ಬರೆದರೆ ಮೊದಲ ವಿಷಯಕ್ಕಷ್ಟೇ ಉತ್ತರಿಸಿ ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಲು ಅವರಿಗೆ ಅಧಿಕಾರವಿದೆ. ಹಳೆಯ ಬಿಬಿಎಂಪಿ ಕಾಮಗಾರಿಯಾದರೆ ಜಾಬ್ ಕೋಡ್ ಸಿಕ್ಕರೆ ಬಂಗಾರ. ವಾರ್ಡ್ ನಂಬರ್, ವರ್ಷ, ಕ್ರಮಸಂಖ್ಯೆ ಹೀಗೆ ಅದರ ಕಟ್ಟು. ಹಾಗಾಗಿ ಹಳೆಯ ಕಡತ ಹುಡುಕುವಾಗ 181 ಎಂಬ ಆ ಹಳೆಯ ನಂಬರನ್ನೂ ಅರ್ಜಿಯಲ್ಲಿ ಬರೆಯುವುದು ಜಾಣತನ.

ಅಳತೆ ಪುಸ್ತಕ ಅಂದರೆ ಎಂಜಿನಿಯರುಗಳು ಎಂ.ಬಿ. ಎನ್ನುವ ದಪ್ಪ ಪುಸ್ತಕ. ಕಾಮಗಾರಿಯ ಉದ್ದ, ಅಗಲ, ದಪ್ಪ ಅದರಲ್ಲಿ ಅಂಕಣ ಅಂಕಣವಾಗಿ ಇರುತ್ತವೆ, ಬಿಲ್ ಆಗುವುದೇ ಆ ಅಂಕಿಗಳ ಮೇಲೆ. ನಕಲು ಕೈಗೆ ಬಂದ ಮೇಲೆ ಒಂದು ಅಳತೆ ಟೇಪ್ ಹಿಡಿದು ರಸ್ತೆಗೆ ಇಳಿಯಿರಿ. ಪುಸ್ತಕದ ಉದ್ದ ರಸ್ತೆಯ ಉದ್ದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ದಪ್ಪದ ಮೇಲೆ ಅನುಮಾನವಿದ್ದರೆ ಇನ್ನೊಂದು ದಾರಿ ಇದೆ. ಸೆಕ್ಷನ್ 2(ಜೆ) ಪ್ರಕಾರ ನಕಲು ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು, ಕಡತವನ್ನು ಖುದ್ದು ಪರಿಶೀಲಿಸಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ಅಂದರೆ ಮನೆ ಮುಂದಿನ ಟಾರಿನ ಒಂದು ತುಂಡನ್ನು ಕಾನೂನುಬದ್ಧವಾಗಿ ಸೀಲು ಸಹಿತ ಪಡೆಯಬಹುದು.

ಶುಲ್ಕ ಅರ್ಜಿಗೆ 10 ರೂಪಾಯಿ, ಎ4 ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಎಲ್ಲಕ್ಕಿಂತ ಸಲೀಸು. ಅದರ ನಂಬರನ್ನು ಅರ್ಜಿಯಲ್ಲೇ ಬರೆದುಬಿಡಿ, ಮತ್ತೆ ಶುಲ್ಕ ಬಂದಿಲ್ಲ ಎನ್ನುವ ಹಾಗಿರುವುದಿಲ್ಲ. ಕನ್ನಡದಲ್ಲೇ ಬರೆಯಿರಿ, ಅದು ನಿಮ್ಮ ಹಕ್ಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗಬೇಕಾದದ್ದು ಮಾಹಿತಿ ಅಧಿಕಾರಿಯ ಕರ್ತವ್ಯ. ಯಾಕೆ ಬೇಕು ಎಂದು ಕೇಳುವಂತಿಲ್ಲ, ಕೇಳಿದರೂ ಹೇಳಬೇಕಿಲ್ಲ. ಗುತ್ತಿಗೆದಾರರ ಕಡೆಯವರು ಮನೆಗೆ ಬಂದಾರು ಎಂಬ ಅಳುಕಿದ್ದರೆ ಪೋಸ್ಟ್ ಬಾಕ್ಸ್ ನಂಬರ್ ಕೊಡಿ. ಅಷ್ಟು ಸಾಕು ಎಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ. ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ, ಇಲ್ಲವಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಕೂಡ ಇದೆ.

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮೂವತ್ತು ದಿನ ದಾಟಿತೋ, ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಅಷ್ಟರಲ್ಲಿ ಒಂದು ಹಿಂಬರಹ ಬರಬಹುದು, ಹಿಂಬರಹಗಳಲ್ಲಿ ಕೆಲವು ಪಲ್ಲವಿಗಳಿವೆ. ಒಂದು, ‘ಕಡತ ಲಭ್ಯವಿಲ್ಲ’. ಬಿಬಿಎಂಪಿ ಐದಾಗಿ ಒಡೆದ ಮೇಲೆ ಇದಕ್ಕೆ ಒಳ್ಳೆಯ ನೆಪವೂ ಸಿಕ್ಕಿದೆ. ಕಡತ ಸಿಗುತ್ತಿಲ್ಲ ಎಂಬುದು ಕಾಯ್ದೆಯ ಸೆಕ್ಷನ್ 8ರ ವಿನಾಯಿತಿಗಳ ಪಟ್ಟಿಯಲ್ಲೇ ಇಲ್ಲ. ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ನಿಗದಿ ಮಾಡಬೇಕು ಎಂದು ದೆಹಲಿ ಹೈಕೋರ್ಟ್ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಸಾರ್ವಜನಿಕ ದಾಖಲೆಗಳ ಕಾಯ್ದೆ 2010ರಿಂದಲೂ ಇದೆ. ಮೇಲ್ಮನವಿಯಲ್ಲಿ ಎರಡನ್ನೂ ಹೆಸರಿಸಿ. ಇನ್ನೊಂದು ಪಲ್ಲವಿ ‘ಮೂರನೇ ವ್ಯಕ್ತಿಯ ಮಾಹಿತಿ’. ಪಕ್ಕದ ಮನೆಯವರ ಕಡತ ಕೇಳಿದಾಗ ಇದರಲ್ಲಿ ಹುರುಳಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಯಾದ ಮೇಲೆ ವೈಯಕ್ತಿಕ ಮಾಹಿತಿಯ ಬಾಗಿಲು ಇನ್ನಷ್ಟು ಬಿಗಿಯಾಗಿದೆ. ನನ್ನ ಕೇಳಿದರೆ ಅದು ಕೆಟ್ಟ ತಿದ್ದುಪಡಿ. ಆದರೆ ಸಾರ್ವಜನಿಕ ಹಿತಾಸಕ್ತಿ ಹೆಚ್ಚಿದ್ದರೆ ಕೊಡಬಹುದು ಎಂಬ ಸೆಕ್ಷನ್ 8(2) ಹಾಗೇ ಉಳಿದಿದೆ. ಗುಟ್ಟಿನ ಭಾಗವನ್ನಷ್ಟೇ ಮುಚ್ಚಿ ಉಳಿದದ್ದು ಕೊಡಿ ಎನ್ನಲು ಸೆಕ್ಷನ್ 10 ಇದೆ. ಪಾಲಿಕೆಯ ದುಡ್ಡಿನಲ್ಲಿ ಹಾಕಿದ ಟಾರಿನ ಬಿಲ್ಲು ಯಾರ ಖಾಸಗಿ ವಿಷಯವೂ ಆಗಲಾರದು.

ಉತ್ತರ ಬಾರದಿದ್ದರೆ, ಬಂದದ್ದು ಅರೆಬರೆಯಾಗಿದ್ದರೆ, 30 ದಿನದೊಳಗೆ ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಇಲ್ಲಿ ಅನೇಕರು ಮೇಲ್ಮನವಿ ಬಿಟ್ಟು ಸೆಕ್ಷನ್ 18ರ ದೂರು ಹಾಕಿ ಎಡವುತ್ತಾರೆ. ಆ ದೂರಿನಲ್ಲಿ ಆಯೋಗ ಅಧಿಕಾರಿಗೆ ದಂಡ ಹಾಕಬಹುದು, ಆದರೆ ಮಾಹಿತಿ ಕೊಡಿ ಎಂದು ಆದೇಶಿಸಲಾಗದು. ಇದು ಮಣಿಪುರದ ಪ್ರಕರಣವೊಂದರಲ್ಲಿ 2011ರ ಸುಪ್ರೀಂ ಕೋರ್ಟ್ ತೀರ್ಪು. ಕಾಗದ ಬೇಕಿದ್ದರೆ ಸೆಕ್ಷನ್ 19ರ ಮೇಲ್ಮನವಿಯನ್ನೇ ಹಾಕಬೇಕು. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಕಟ್ಟಬೇಕಾದದ್ದು ಆ ಅಧಿಕಾರಿಯೇ, ಪಾಲಿಕೆಯ ಖಜಾನೆಯಲ್ಲ.

ಆಯೋಗದಲ್ಲಿ ಸರದಿ ಉದ್ದವಿರುತ್ತದೆ, ತಾಳ್ಮೆ ಬೇಕು. ವಕೀಲರು ಬೇಕಿಲ್ಲ. ಮೂಲ ಅರ್ಜಿ, ಸ್ವೀಕೃತಿ, ಹಿಂಬರಹ, ಮೊದಲ ಮೇಲ್ಮನವಿ, ಇವಿಷ್ಟರ ನಕಲು ಒಂದು ಫೈಲಿನಲ್ಲಿ ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಿ. ಆಯೋಗ ಇರುವುದು ವಿಧಾನಸೌಧದ ಪಶ್ಚಿಮದ 2ನೇ ದ್ವಾರದ ಎದುರು, ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿ. ಯಲಚೇನಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ.