ಜಲ್ಲಿ ಹಾದಿಗೆ ಸೈಕಲ್: ಕೊಳ್ಳುವ ಮೊದಲು ಮೊಣಕಾಲಿನ ಮಾತನ್ನೂ ಕೇಳಿ

ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದೊಡನೆ ಅನೇಕರು ಸೈಕಲ್ ಅಂಗಡಿಗೆ ಹೋಗುತ್ತಾರೆ. ದಪ್ಪ ಟೈರು, ಹಿಂದೆ ಮುಂದೆ ಸ್ಪ್ರಿಂಗು, ಕಣ್ಣು ಕುಕ್ಕುವ ಬಣ್ಣ ನೋಡಿ ಒಂದನ್ನು ಮನೆಗೆ ತರುತ್ತಾರೆ. ಮೊದಲ ಭಾನುವಾರ ಕೆರೆ ಏರಿಯ ಮೇಲೆ, ಎರಡನೆಯ ಭಾನುವಾರ ತೋಟದ ಮಣ್ಣುದಾರಿಯಲ್ಲಿ ಸವಾರಿ. ಮೂರನೆಯ ವಾರಕ್ಕೆ ಮೊಣಕಾಲು ನೋವು, ಬೆರಳುಗಳಲ್ಲಿ ಜೋಮು. ತಿಂಗಳು ಕಳೆಯುವಷ್ಟರಲ್ಲಿ ಆ ಸೈಕಲ್ ಒದ್ದೆ ಟವೆಲ್ಲು ಒಣಹಾಕುವ ಕಂಬವಾಗಿರುತ್ತದೆ. ಇದರಲ್ಲಿ ವ್ಯಾಯಾಮದ ತಪ್ಪೇನೂ ಇಲ್ಲ. ಹಾದಿಗೂ ಮೈಗೂ ಹೊಂದದ ಸೈಕಲ್ ಕೊಂಡದ್ದೇ ತಪ್ಪು.

ಮೊದಲು ಹಾದಿ, ಆಮೇಲೆ ಸೈಕಲ್

ನೀವು ಹೆಚ್ಚಾಗಿ ಓಡಾಡುವ ಹಾದಿ ಯಾವುದು? ಅರ್ಧ ಡಾಂಬರು, ಅರ್ಧ ಜಲ್ಲಿ ಅಥವಾ ಗಟ್ಟಿ ಮಣ್ಣು ಎನ್ನುವುದಾದರೆ ೩೮ರಿಂದ ೪೫ ಮಿಲಿಮೀಟರ್ ಅಗಲದ ಟೈರಿರುವ ಸೈಕಲ್ ಸಾಕು. ಬಾಗಿದ ಹ್ಯಾಂಡಲ್‌ನ 'ಗ್ರಾವೆಲ್' ಸೈಕಲ್ ಅಥವಾ ನೇರ ಹ್ಯಾಂಡಲ್‌ನ 'ಹೈಬ್ರಿಡ್' ಈ ಗುಂಪಿಗೆ ಸೇರುತ್ತವೆ. ಬೇರು, ಬಂಡೆ, ಕೊರಕಲುಗಳಿರುವ ಕಾಲುದಾರಿಯೇ ಹೆಚ್ಚಾದರೆ ಎರಡು ಇಂಚಿಗೂ ಮೀರಿದ ಟೈರು ಮತ್ತು ಮುಂದುಗಡೆ ಸಸ್ಪೆನ್ಷನ್ ಇರುವ ಮೌಂಟನ್ ಸೈಕಲ್ ಬೇಕು. ಟೈರಿನ ಅಗಲ ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ೭೦೦×೪೦ ಎಂದಿದ್ದರೆ ಅಗಲ ೪೦ ಮಿಲಿಮೀಟರ್ ಎಂದು ತಿಳಿಯಿರಿ.

ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಅಗ್ಗದ ಸೈಕಲುಗಳಿಗೆ ಮರುಳಾಗಬೇಡಿ. ಅವು ಭಾರ ಹೆಚ್ಚು. ನೀವು ಪೆಡಲ್ ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗು ಕುಗ್ಗಿ ಹಿಗ್ಗುವುದರಲ್ಲೇ ಕಳೆದುಹೋಗುತ್ತದೆ. ಅದೇ ಹಣಕ್ಕೆ ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು, ಒಳ್ಳೆಯ ಬ್ರೇಕು, ಒಳ್ಳೆಯ ಟೈರು ಇರುವ ಸೈಕಲ್ ಸಿಕ್ಕರೆ ಅದೇ ಮೇಲು.

ಜಲ್ಲಿಯ ಮೇಲೆ ಮೈಗೆ ತಗಲುವ ಹೊಡೆತವನ್ನು ತಗ್ಗಿಸುವ ಮುಖ್ಯ ಸಾಧನ ಟೈರಿನೊಳಗಿನ ಗಾಳಿ. ಅನೇಕರು ಟೈರನ್ನು ಕಲ್ಲಿನಂತೆ ಗಟ್ಟಿ ಮಾಡಿಕೊಂಡು ಹೊರಡುತ್ತಾರೆ. ಆಗ ಗಾಲಿ ಪ್ರತಿ ಕಲ್ಲಿಗೂ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಸುಮಾರು ೭೦ ಕಿಲೋ ತೂಕದವರು ೪೦ ಮಿಲಿಮೀಟರ್ ಟೈರಿಗೆ ೩೫ರಿಂದ ೪೦ ಪೌಂಡ್ ಒತ್ತಡದಿಂದ ಆರಂಭಿಸಬಹುದು. ತೂಕ ಹೆಚ್ಚಿದ್ದರೆ ಸ್ವಲ್ಪ ಹೆಚ್ಚು, ಕಡಿಮೆಯಿದ್ದರೆ ಸ್ವಲ್ಪ ಕಡಿಮೆ. ಟೈರಿನ ಪಕ್ಕದಲ್ಲಿ ನಮೂದಿಸಿದ ಮಿತಿಯನ್ನು ಮೀರಬಾರದು. ತೀರಾ ಇಳಿಸಿದರೂ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ.

ಅಳತೆ ತಪ್ಪಿದರೆ ನೋವು

ಸೈಕಲಿನ ಮೇಲುದಂಡದ ಎರಡೂ ಕಡೆ ಕಾಲಿಟ್ಟು ನಿಂತು ನೋಡಿ. ದಂಡಕ್ಕೂ ನಿಮ್ಮ ತೊಡೆಸಂದಿಗೂ ನಡುವೆ ಜಲ್ಲಿ ಹಾದಿಯ ಸೈಕಲಿಗಾದರೆ ಕನಿಷ್ಠ ಮೂರು ಸೆಂಟಿಮೀಟರ್, ಕಾಲುದಾರಿಯ ಸೈಕಲಿಗಾದರೆ ಐದು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಲಿ. ಏರುಪೇರಿನ ಜಾಗದಲ್ಲಿ ತಟ್ಟನೆ ಇಳಿಯಬೇಕಾದಾಗ ಈ ಅಂತರವೇ ನಿಮ್ಮನ್ನು ಕಾಯುತ್ತದೆ.

ಸೀಟಿನ ಎತ್ತರಕ್ಕೆ ಮನೆಯಲ್ಲೇ ಮಾಡಬಹುದಾದ ಲೆಕ್ಕವೊಂದಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆದು, ಆ ಅಳತೆಯನ್ನು ೦.೮೮೩ರಿಂದ ಗುಣಿಸಿ. ಅಳತೆ ೭೮ ಸೆಂಟಿಮೀಟರ್ ಆದರೆ ಉತ್ತರ ಸುಮಾರು ೬೯. ಪೆಡಲಿನ ತೋಳುಗಳು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಅಷ್ಟು ಉದ್ದವಿರಲಿ. ಲೆಕ್ಕ ಬೇಡವೆನ್ನುವವರು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ; ಆಗ ಮೊಣಕಾಲು ನೇರವಾಗಬೇಕು. ನಂತರ ಪಾದದ ಮುಂಭಾಗವನ್ನು ಇಟ್ಟರೆ ಮೊಣಕಾಲು ತುಸು ಬಾಗುತ್ತದೆ. ಅದೇ ಸರಿಯಾದ ಎತ್ತರ. ಒರಟು ಇಳಿಜಾರಿನಲ್ಲಿ ಇದಕ್ಕಿಂತ ಸ್ವಲ್ಪ ತಗ್ಗಿಸಿಕೊಂಡರೆ ಹತೋಟಿ ಸುಲಭ.

ನೋವು ಎಲ್ಲಿದೆ ಎಂಬುದೂ ಕಾರಣವನ್ನು ಹೇಳುತ್ತದೆ. ಮೊಣಕಾಲಿನ ಮುಂಭಾಗದ ನೋವಿಗೆ ಬಹುಮಟ್ಟಿಗೆ ಸೀಟು ತಗ್ಗಾಗಿರುವುದು ಅಥವಾ ಭಾರದ ಗೇರು ತುಳಿಯುವುದು ಕಾರಣ. ಹಿಂಭಾಗದಲ್ಲಿ ನೋವಿದ್ದರೆ ಸೀಟು ಎತ್ತರವಾಗಿರಬಹುದು. ಕಿರುಬೆರಳು, ಉಂಗುರ ಬೆರಳುಗಳಲ್ಲಿ ಜೋಮು ಬಂದರೆ ಅಂಗೈಯ ಬುಡದಲ್ಲಿ ಹಾದುಹೋಗುವ ನರ ಒತ್ತಿಹೋಗಿದೆ ಎಂದರ್ಥ. ಮಣಿಕಟ್ಟು ನೇರವಾಗಿಡಿ, ಹಿಡಿತ ಆಗಾಗ ಬದಲಿಸಿ, ಮೆತ್ತೆಯಿರುವ ಕೈಗವಸು ಧರಿಸಿ. ಇಷ್ಟಾದರೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ದಪ್ಪ ಮೆತ್ತೆಯ ಸೀಟು ಅಂಗಡಿಯಲ್ಲಿ ಹಿತವೆನಿಸುತ್ತದೆ. ಆದರೆ ಗಂಟೆಗಟ್ಟಲೆ ಕೂತಾಗ ಕುಂಡಿಯ ಎಲುಬುಗಳು ಅದರಲ್ಲಿ ಹೂತು, ಒತ್ತಡವೆಲ್ಲ ನಡುವಿನ ಮೃದುಭಾಗಕ್ಕೆ ಬೀಳುತ್ತದೆ. ಆ ಎಲುಬುಗಳಿಗೆ ಆಸರೆ ಕೊಡುವಷ್ಟು ಅಗಲವಾದ, ಸ್ವಲ್ಪ ಗಟ್ಟಿಯಾದ ಸೀಟು ಆರಿಸಿ. ಸಾಮಾನ್ಯವಾಗಿ ಹೆಂಗಸರಿಗೆ ತುಸು ಹೆಚ್ಚು ಅಗಲ ಬೇಕಾಗುತ್ತದೆ.

ಮಕ್ಕಳಿಗೆ 'ಮುಂದೆ ಬೆಳೆಯುತ್ತಾನೆ' ಎಂದು ದೊಡ್ಡ ಸೈಕಲ್ ಕೊಡಿಸುವುದು ನಮ್ಮಲ್ಲಿ ರೂಢಿ. ಇದು ಉಳಿತಾಯವಲ್ಲ, ಅಪಾಯ. ಬ್ರೇಕಿಗೆ ಬೆರಳು ಎಟುಕದ, ನೆಲಕ್ಕೆ ಕಾಲು ಸಿಗದ ಮಗು ಜಲ್ಲಿಯ ಮೇಲೆ ಬಿದ್ದೇ ಬೀಳುತ್ತದೆ. ಇಂದಿನ ಅಳತೆಗೆ ಸರಿಯಾದುದನ್ನೇ ಕೊಡಿಸಿ.

ಗೇರು ಮತ್ತು ಬ್ರೇಕು

ಹಗುರ ಗೇರಿನಲ್ಲಿ ನಿಮಿಷಕ್ಕೆ ೭೦ರಿಂದ ೯೦ ಸುತ್ತು ತುಳಿಯುವುದು ಮೊಣಕಾಲಿಗೂ ಹೃದಯಕ್ಕೂ ಒಳ್ಳೆಯದು. ಮುಂದಿನ ಹಲ್ಲುಚಕ್ರದ ಹಲ್ಲುಗಳಿಗಿಂತ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳು ಹೆಚ್ಚಿರುವ ಸೈಕಲ್ ಆರಿಸಿದರೆ ಮಣ್ಣಿನ ಏರು ಹತ್ತಲು ಅನುಕೂಲ. ಉದಾಹರಣೆಗೆ, ಮುಂದೆ ೩೦, ಹಿಂದೆ ೩೪.

ಮಳೆ, ಕೆಸರಿನಲ್ಲಿ ಡಿಸ್ಕ್ ಬ್ರೇಕು ಹೆಚ್ಚು ನಂಬಿಕೆಗೆ ಅರ್ಹ. ಮುಂದಿನ ಬ್ರೇಕು ಯಾವ ಕೈಯಲ್ಲಿದೆ ಎಂಬುದನ್ನು ಮನೆಯಂಗಳದಲ್ಲೇ ತಿಳಿದುಕೊಳ್ಳಿ. ಜಲ್ಲಿಯ ತಿರುವಿನಲ್ಲಿ ಮುಂದಿನ ಬ್ರೇಕು ಬಿಗಿದರೆ ಗಾಲಿ ಜಾರಿ ಬೀಳುತ್ತೀರಿ. ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು.

ಹೆಲ್ಮೆಟ್ಟಿಗೆ ರಜೆ ಇಲ್ಲ

'ಹಳ್ಳಿ ದಾರಿ, ಲಾರಿಗಳಿಲ್ಲ' ಎಂದು ಹೆಲ್ಮೆಟ್ ಬಿಟ್ಟು ಹೋಗುವವರಿದ್ದಾರೆ. ತಲೆ ಒಡೆಯಲು ಲಾರಿಯೇ ಬೇಕಿಲ್ಲ, ಒಂದು ಕಲ್ಲು ಸಾಕು. ಹೆಲ್ಮೆಟ್ ಧರಿಸಿದ ಸೈಕಲ್ ಸವಾರರಲ್ಲಿ ತಲೆ ಮತ್ತು ಮೆದುಳಿನ ಪೆಟ್ಟಿನ ಸಂಭವ ಶೇಕಡ ೬೩ರಿಂದ ೮೮ರಷ್ಟು ಕಡಿಮೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ೧೯೯೯ರ ಒಂದು ವರದಿ ಹೇಳಿತು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಗದ್ದದ ಪಟ್ಟಿಯೊಳಗೆ ಎರಡು ಬೆರಳಷ್ಟೇ ಹಿಡಿಯಲಿ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ.

ಚೀಲದಲ್ಲಿ ಒಂದು ಹೆಚ್ಚಿನ ಟ್ಯೂಬು, ಪಂಪು, ಅಲೆನ್ ಕೀಲಿಗಳು, ಬ್ಯಾಂಡೇಜು, ಸಾಬೂನು ಇರಲಿ. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಲೇಬೇಕು.

ಬಿದ್ದು ತರಚಿದರೆ ಮಣ್ಣು ಹೋಗುವಂತೆ ಧಾರಾಳ ನೀರಿನಿಂದ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಮಣ್ಣು ಸೇರಿದ ಗಾಯವಾಗಿ, ಧನುರ್ವಾಯುವಿನ ಚುಚ್ಚುಮದ್ದು ಪಡೆದು ಐದು ವರ್ಷ ಮೀರಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ಮಲೆನಾಡಿಗೆ ಹೋಗುವವರಿಗೆ

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಉಣ್ಣೆಹುಳುಗಳು ಕಚ್ಚುವುದರಿಂದ ಇದು ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಹೆಚ್ಚು. ಕಾಲುದಾರಿಗಳು ಒಣಗಿ ಸೈಕಲ್ ಸವಾರರನ್ನು ಕೈಬೀಸಿ ಕರೆಯುವುದೂ ಆಗಲೇ. ಮಂಗ ಸತ್ತ ಸುದ್ದಿಯಿರುವ ಕಾಡಿನತ್ತ ಹೋಗಬೇಡಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು, ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ. ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ ಒಯ್ಯುವಂತಿಲ್ಲ ಎಂಬುದೂ ನೆನಪಿರಲಿ.

ಕೊನೆಯದಾಗಿ

ನಲವತ್ತು ದಾಟಿದವರು, ಅದರಲ್ಲೂ ರಕ್ತದೊತ್ತಡ, ಮಧುಮೇಹ ಇದ್ದವರು, ಧೂಮಪಾನಿಗಳು ಏರುಹಾದಿ ಹತ್ತುವ ಮೊದಲು ಒಮ್ಮೆ ವೈದ್ಯರ ತಪಾಸಣೆ ಮಾಡಿಸಿಕೊಳ್ಳಿ. ಸವಾರಿಯಲ್ಲಿ ಎದೆ ಹಿಂಡಿದಂತಾದರೆ, ಎಡತೋಳು ಅಥವಾ ದವಡೆಗೆ ನೋವು ಹಬ್ಬಿದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. 'ಗ್ಯಾಸ್ ಇರಬೇಕು' ಎಂದು ಮನೆಯವರೆಗೆ ತುಳಿಯಬೇಡಿ.

ಆರಂಭದಲ್ಲಿ ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು. ದೂರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಅಂಗಡಿಯಾತ ಬೆಲೆಯ ಚೀಟಿ ತೋರಿಸುವ ಮೊದಲು ನಿಮ್ಮ ಕಾಲಿನ ಅಳತೆ ನಿಮ್ಮ ಜೇಬಿನಲ್ಲಿರಲಿ. ಆಗ ಕೊಂಡ ಸೈಕಲ್ ಬಟ್ಟೆ ಒಣಹಾಕುವ ಕಂಬವಾಗದೆ, ಪ್ರತಿ ಭಾನುವಾರ ಬೆಳಗ್ಗೆ ಕೆಮ್ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತದೆ.