ಮಿಜೋರಾಂನಲ್ಲಿ ಮ್ಯಾನ್ಮಾರ್ ನಿರಾಶ್ರಿತರು

2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅಲ್ಲಿನ ಚಿನ್ ಸಮುದಾಯದ ಜನರು ಗಡಿಯ ತಿಯಾವ್ ನದಿ ದಾಟಿ ಮಿಜೋರಾಂನ ಚಂಫಾಯ್ ಮೊದಲಾದ ಜಿಲ್ಲೆಗಳಿಗೆ ಬಂದರು. ಸಂಖ್ಯೆ 30 ಸಾವಿರ ಮೀರಿತು. ಯಾರನ್ನೂ ಒಳಬಿಡಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್‌ನಲ್ಲೇ ಗಡಿ ರಾಜ್ಯಗಳಿಗೆ ಬರೆದಿತ್ತು. ಆದರೂ ಬಂದವರಿಗೆ ಸೂರು, ಅಕ್ಕಿ, ಬಟ್ಟೆ ಹೊಂದಿಸಿದವರು ಹೆಚ್ಚಾಗಿ ಹಳ್ಳಿಗರು, ಚರ್ಚ್‌ಗಳವರು ಮತ್ತು ಯಂಗ್ ಮಿಜೋ ಅಸೋಸಿಯೇಷನ್ (ಸ್ಥಾಪನೆ 1935) ಸ್ವಯಂಸೇವಕರು. ಚಿನ್ ಮತ್ತು ಮಿಜೋ ಜನ ಒಂದೇ ಮೂಲದವರೆಂಬ ಭಾವನೆ ಇದರ ಹಿಂದಿದೆ. ಸುತ್ತೋಲೆಗಿಂತ ನೆಂಟಸ್ತಿಕೆಯೇ ಗಟ್ಟಿಯಾಯಿತು ಎನ್ನಬಹುದು.

ಪರೀಕ್ಷಾರ್ಥಿಗಳು ಎಡವುವುದು ಇಲ್ಲಿ: ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ, 1967ರ ಪ್ರೋಟೋಕಾಲ್‌ಗಾಗಲಿ ಸೇರಿಲ್ಲ. ಪ್ರತ್ಯೇಕ ನಿರಾಶ್ರಿತರ ಕಾಯ್ದೆಯೂ ಇಲ್ಲ. ನಿರಾಶ್ರಿತರೆಂಬ ಸ್ಥಾನಮಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲ. ಹಳೆಯ ಗೈಡ್‌ಗಳಲ್ಲಿರುವ 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.